ಪೇನ್, ಬೇನೆ, ನೋಂಪಿ

ಇಂಗ್ಲಿಷಿನ ‘ಪೇನ್’ ಎಂಬ ಪದವನ್ನು ಇಂದಿನ ಕನ್ನಡಿಗರು ‘ನೋವು’ ಎಂಬುದಕ್ಕೆ ಸಮಾನಾರ್ಥಕವಾಗಿ ನಿಸ್ಸಂಕೋಚವಾಗಿ ಬಳಸುತ್ತಾರೆ. ಆದರೆ ಅದರ ಮೂಲಾರ್ಥ ವೈದ್ಯಕ್ಕೆ ಸೇರಿದ್ದಲ್ಲ, ನ್ಯಾಯಸ್ಥಾನಕ್ಕೆ ಸೇರಿದ್ದು. ಗ್ರೀಕಿನಲ್ಲಿ ‘ಪೊಯಿನೆ’ ಎಂದರೆ ಕೊಲೆಗೆ ಪ್ರತಿಯಾಗಿ ತೆರಬೇಕಾದ ದಂಡ. ಲ್ಯಾಟಿನ್ನಿನಲ್ಲಿ ಅದು ಶಿಕ್ಷೆಯ ಪರ್ಯಾಯಪದವಾಯಿತು. ಫ್ರೆಂಚಿನ ಮೂಲಕ ಇಂಗ್ಲಿಷನ್ನು ಪ್ರವೇಶಿಸಿದಾಗಲೂ ಶಿಕ್ಷೆಯ ಅರ್ಥವನ್ನು ಜೊತೆಗೇ ತಂದಿತು. ‘ಪೆನಾಲ್ಟಿ’, 1860ರ ‘ಪೀನಲ್ ಕೋಡ್’, ಸಾಕ್ಷಿಗಳನ್ನು ಕರೆಸುವ ‘ಸಬ್‌ಪೀನಾ’ ಎಲ್ಲವೂ ಈ ಪದದ ದಾಯಾದಿಗಳೇ. ‘ಪೇನ್ಸ್ ತೆಗೆದುಕೊಳ್ಳುವುದು’ ಎಂಬ ನುಡಿಗಟ್ಟಿನಲ್ಲಿ ಮಾತ್ರ ಅದು ಸ್ವಇಚ್ಛೆಯ ಶ್ರಮವನ್ನು ಸೂಚಿಸುತ್ತದೆ.

ಕನ್ನಡದ ನೋವಿನ ಪದಗಳ ಚರಿತ್ರೆ ಬೇರೆಯದು. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂಥ ರಾಯಚೂರು ಸೀಮೆಯ ಊರುಗಳಲ್ಲಿ ಹೊಟ್ಟೆನೋವು ‘ಹೊಟ್ಟಿಬ್ಯಾನಿ’ಯಾಗುತ್ತದೆ, ಹೆರಿಗೆಯ ನೋವೂ ‘ಬ್ಯಾನಿ’ಯೇ. ನಿಜಾಮರ ಆಳ್ವಿಕೆ 1948ರವರೆಗೆ ಇದ್ದ ಈ ನಾಡಿಗೆ ಪಾರಸಿಯ ‘ದರ್ದ್’ ಪರಿಚಿತವೇ. ಆದರೆ ಕನ್ನಡಕ್ಕೆ ಬಂದ ‘ದರ್ದು’ ನೋವಿನ ಅರ್ಥವನ್ನು ಬಿಟ್ಟುಕೊಟ್ಟು ‘ತುರ್ತು, ಅಗತ್ಯ’ ಎಂಬ ಅರ್ಥವನ್ನು ಪಡೆಯಿತು. ‘ನನಗೇನು ದರ್ದು?’ ಎನ್ನುವವನು ನೋವನ್ನು ಕುರಿತು ಮಾತನಾಡುತ್ತಿಲ್ಲ.

ಬೇನೆಯನ್ನು ಸಂಸ್ಕೃತದ ‘ವೇದನಾ’ ಶಬ್ದದ ತದ್ಭವವೆಂದು ಹೇಳುವುದುಂಟು. ಅದರ ಧಾತು ‘ವಿದ್’: ಅರಿಯುವುದು. ವೇದನೆಯೆಂದರೆ ಮೊದಲಿಗೆ ಅನುಭವ. ಸುಖವೂ ಅದರೊಳಗೇ ಸೇರುತ್ತದೆ. ಜೈನ ಕರ್ಮಸಿದ್ಧಾಂತ ಈ ವಿಶಾಲಾರ್ಥವನ್ನು ಉಳಿಸಿಕೊಂಡಿದೆ. ಎಂಟು ಕರ್ಮಗಳಲ್ಲಿ ಒಂದಾದ ವೇದನೀಯಕ್ಕೆ ಸಾತಾ, ಅಸಾತಾ ಎಂದು ಎರಡು ಭೇದ. ಮೊದಲನೆಯದು ಸುಖವನ್ನು, ಎರಡನೆಯದು ದುಃಖವನ್ನು ಉಣಿಸುತ್ತದೆ. ಇಲ್ಲಿ ತೀರ್ಪು ನೀಡುವ ದಂಡಾಧಿಕಾರಿಯಿಲ್ಲ. ಆದ್ದರಿಂದ ಕರ್ಮಫಲವನ್ನು ‘ಶಿಕ್ಷೆ’ಯೆಂದು ಕರೆಯುವುದು ‘ಪೇನ್’ ಪದದ ಹಳೆಯ ನೆರಳನ್ನು ವೇದನೀಯದ ಮೇಲೆ ಚೆಲ್ಲಿದಂತೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಪ್ರಕಾರ ತನಗಾಗಲಿ, ಪರರಿಗಾಗಲಿ, ಇಬ್ಬರಿಗೂ ಆಗಲಿ ದುಃಖವನ್ನುಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣ. ಹಾಗಾದರೆ ಉಪವಾಸ, ಕೇಶಲೋಚಗಳ ಗತಿಯೇನು? ಈ ಆಕ್ಷೇಪವನ್ನು ಕನ್ನಡನಾಡಿನ ಆಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ತಾವೇ ಎತ್ತಿ, ವೈದ್ಯನ ದೃಷ್ಟಾಂತದಿಂದ ಪರಿಹರಿಸುತ್ತಾರೆ. ಕರುಣೆಯುಳ್ಳವನೊಬ್ಬನು ಮುನಿಯ ಮೈಮೇಲಿನ ಹುಣ್ಣನ್ನು ಸೀಳುವಾಗ ನೋವಾಗುವುದು ನಿಜ. ಆದರೆ ಆ ಹೊರಗಿನ ನಿಮಿತ್ತ ಮಾತ್ರದಿಂದ ಅವನಿಗೆ ಪಾಪಬಂಧವಾಗದು. ಒಳಗಿನ ಕ್ರೋಧಾದಿ ಪರಿಣಾಮವೇ ಬಂಧಕ್ಕೆ ಕಾರಣ. ನೋವಿನ ನೈತಿಕ ಅಳತೆ ನೋವಿನ ಪ್ರಮಾಣದಲ್ಲಿಲ್ಲ, ಭಾವದಲ್ಲಿದೆ.

ತಾನಾಗಿ ಒಪ್ಪಿ ಸಹಿಸುವುದಕ್ಕೆ ಕನ್ನಡದಲ್ಲಿ ‘ನೋನ್’ ಎಂಬ ಪ್ರಾಚೀನ ಧಾತುವಿದೆ. ವ್ರತವಾಚಿಯಾದ ‘ನೋಂಪಿ’ ಅದರಿಂದ ಬಂದದ್ದು. ‘ನೋವು’ ಬರುವಂಥದ್ದು, ‘ನೋಂಪಿ’ ಕೈಗೊಳ್ಳುವಂಥದ್ದು. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳು ಈ ಎರಡರ ಸಂಧಿಸ್ಥಾನದಲ್ಲಿ ನಿಂತಿವೆ. ನರಿಯೂ ಅದರ ಮರಿಗಳೂ ತನ್ನ ದೇಹವನ್ನು ತಿನ್ನುತ್ತಿದ್ದರೂ ಸುಕುಮಾರಸ್ವಾಮಿ ವಿಚಲಿತನಾಗುವುದಿಲ್ಲ. ಬಂದೊದಗಿದ ಉಪಸರ್ಗವನ್ನು ಅವನು ಸಮತೆಯಿಂದ ನಿರ್ಜರೆಯ ಸಾಧನವನ್ನಾಗಿಸಿಕೊಳ್ಳುತ್ತಾನೆ.

ಆದರೆ ಈ ಕಥೆಯನ್ನು ಪರರ ನೋವಿಗೆ ಅನ್ವಯಿಸಹೊರಟರೆ ಅರ್ಥ ಕೆಡುತ್ತದೆ. ಹಾಸಿಗೆ ಹಿಡಿದವನ ಮುಂದೆ ನಿಂತು ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವವನು ಕರ್ಮಸಿದ್ಧಾಂತವನ್ನು ನುಡಿಯುತ್ತಿಲ್ಲ, ತೀರ್ಪನ್ನು ನುಡಿಯುತ್ತಿದ್ದಾನೆ. ಅದೇ ತತ್ತ್ವಾರ್ಥಸೂತ್ರ ಜೀವಾನುಕಂಪೆಯನ್ನು ಸಾತಾವೇದನೀಯದ ಕಾರಣಗಳ ಸಾಲಿನ ಮೊದಲಲ್ಲಿಟ್ಟಿದೆ. ತನ್ನ ನೋವಿನಲ್ಲಿ ಸಮತೆ, ಪರರ ನೋವಿನಲ್ಲಿ ಅನುಕಂಪೆ. ಇವೆರಡನ್ನು ಅದಲುಬದಲು ಮಾಡಬಾರದು.