ಮಾತಡಗಿದರೂ ನಿಲ್ಲದ ವಿದ್ಯಾವ್ರತ: ಫ್ರಾಂಜ್ ರೋಜೆನ್‌ಜ್ವೈಗ್

ವಿದ್ಯೆಯಿರುವುದು ಪದವಿಗಾಗಿಯೋ, ಬದುಕಿಗಾಗಿಯೋ? ಓದುಗ ಬಂಧುಗಳೇ, ಈ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿತ್ತವರು ಯಹೂದ್ಯ ತತ್ತ್ವಜ್ಞಾನಿ ಫ್ರಾಂಜ್ ರೋಜೆನ್‌ಜ್ವೈಗ್.

1886ರ ಡಿಸೆಂಬರ್ 25ರಂದು ಜರ್ಮನಿಯ ಕಾಸೆಲ್ ನಗರದಲ್ಲಿ ಅವರ ಜನನ. ಮನೆತನ ಯಹೂದ್ಯರದಾದರೂ ಧರ್ಮಾಚರಣೆ ಅಲ್ಲಿ ಬಹುಮಟ್ಟಿಗೆ ಸೊರಗಿತ್ತು. ಇತಿಹಾಸಕಾರ ಮೈನೆಕೆಯವರ ಶಿಷ್ಯರಾಗಿ ಹೆಗೆಲನ ರಾಜ್ಯತತ್ತ್ವವನ್ನು ಅಭ್ಯಸಿಸಿದ ಈ ತರುಣರು, 1913ರಲ್ಲಿ ಮಿತ್ರರೊಬ್ಬರೊಡನೆ ರಾತ್ರಿಯೆಲ್ಲ ನಡೆದ ಚರ್ಚೆಯ ತರುವಾಯ ಕ್ರೈಸ್ತರಾಗಲು ನಿಶ್ಚಯಿಸಿದರು. ಆದರೆ ತೊರೆಯುವುದನ್ನು ಅರಿಯದೆ ತೊರೆಯುವುದು ಹೇಗೆ? ಹಿರಿಯರ ಧರ್ಮವನ್ನು ಹೊಕ್ಕು ನೋಡಿದಾಗ ಅದನ್ನು ಬಿಡುವ ಅಗತ್ಯವೇ ಕಾಣಲಿಲ್ಲ. ಅದೇ ಅಕ್ಟೋಬರಿನಲ್ಲಿ ಯಹೂದ್ಯರಾಗಿಯೇ ಉಳಿಯುವ ನಿರ್ಧಾರ ದೃಢವಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಬಾಲ್ಕನ್ ರಣರಂಗದ ಸೈನಿಕರಾಗಿದ್ದ ಅವರು 1918ರಲ್ಲಿ ಗ್ರಂಥವೊಂದನ್ನು ಆರಂಭಿಸಿ, ಅಂಚೆ ಕಾರ್ಡುಗಳಲ್ಲಿ ಬರೆದು ಮನೆಗೆ ಕಳುಹತೊಡಗಿದರು. 1921ರಲ್ಲಿ ಪ್ರಕಟವಾದ ‘ವಿಮೋಚನೆಯ ನಕ್ಷತ್ರ’ವೇ ಅದು. ಸಕಲವನ್ನೂ ಒಂದೇ ತತ್ತ್ವದಲ್ಲಿ ಅಡಗಿಸುವ ದರ್ಶನವು ಸಾವಿಗಂಜುವ ಒಬ್ಬ ಮನುಷ್ಯನನ್ನು ಮರೆಯುತ್ತದೆಂಬುದು ಅವರ ಆಕ್ಷೇಪ. ದೇವರು, ಜಗತ್ತು, ಮಾನವ ಈ ಮೂರೂ ಒಂದರಲ್ಲೊಂದು ಕರಗವು. ಸೃಷ್ಟಿ, ದೈವಪ್ರಕಟಣೆ, ವಿಮೋಚನೆಗಳು ಅವನ್ನು ಬೆಸೆಯುತ್ತವೆ. ದೈವಪ್ರೇಮವನ್ನುಂಡವನು ನೆರೆಯವನನ್ನು ಪ್ರೀತಿಸುವುದೇ ವಿಮೋಚನೆಯ ಹಾದಿ. ಸಾವಿನಿಂದ ಮೊದಲಾಗುವ ಗ್ರಂಥ ಬಾಳಿನ ಬಾಗಿಲಲ್ಲಿ ಮುಗಿಯುತ್ತದೆ.

ಗುರುಗಳು ತೋರಿದ ವಿಶ್ವವಿದ್ಯಾನಿಲಯದ ಹಾದಿಯನ್ನು ಅವರು ಒಲ್ಲೆನೆಂದರು. ವಿದ್ವಾಂಸರ ಪ್ರಶ್ನೆಗಳಿಗಿಂತ ಬದುಕಿನಲ್ಲಿ ತೊಳಲುವವರ ಪ್ರಶ್ನೆಗಳೇ ಅವರಿಗೆ ದೊಡ್ಡವು. 1920ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ವಯಸ್ಕರಿಗಾಗಿ ‘ಲೇರ್‌ಹೌಸ್’ ಎಂಬ ವಿದ್ಯಾಮಂದಿರವನ್ನು ತೆರೆದರು. ಧರ್ಮದಿಂದ ದೂರ ಸರಿದವರು ತಮ್ಮ ಸಂದೇಹಗಳೊಡನೆಯೇ ಬಂದರು. ವೈದ್ಯರೂ ರಸಾಯನಶಾಸ್ತ್ರಜ್ಞರೂ ಕಲಿಯುತ್ತಲೇ ಕಲಿಸಿದರು.

1922ರಲ್ಲಿ ಅಂಗಾಂಗಗಳನ್ನು ಸ್ತಬ್ಧಗೊಳಿಸುವ ನರರೋಗ ಅವರನ್ನಾವರಿಸಿತು. ಕೈ ಸೋತಿತು, ಮಾತು ನಿಂತಿತು. ಪತ್ನಿ ಎಡಿತ್ ಅಕ್ಷರಗಳನ್ನು ಒಂದೊಂದಾಗಿ ಹೇಳುವರು. ಬೇಕಾದುದು ಬಂದೊಡನೆ ಅವರು ಸನ್ನೆ ಮಾಡುವರು. ಅಂತಹ ಸ್ಥಿತಿಯಲ್ಲಿಯೂ 1925ರಿಂದ ಮಾರ್ಟಿನ್ ಬೂಬರರೊಡಗೂಡಿ ಹೀಬ್ರೂ ಧರ್ಮಗ್ರಂಥವನ್ನು ಜರ್ಮನ್ ಭಾಷೆಗೆ ತರುತ್ತಿದ್ದರು. 1929ರ ಡಿಸೆಂಬರ್ 10ರಂದು, 42ರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮುಂದೆ ನಾಜಿ ಆಳ್ವಿಕೆಯಲ್ಲಿ ಲೇರ್‌ಹೌಸ್ ಮುಚ್ಚಿತು. ಲಕ್ಷಾಂತರ ಯಹೂದ್ಯರ ಕಗ್ಗೊಲೆಯಾಯಿತು. ಬೂಬರರು 1961ರಲ್ಲಿ ಅನುವಾದವನ್ನು ಪೂರೈಸಿದಾಗ, ಅದು ಯಾರಿಗಾಗಿ ಮೊದಲಾಗಿತ್ತೋ ಆ ಓದುಗ ಸಮುದಾಯವೇ ಉಳಿದಿರಲಿಲ್ಲ. ಆದರೂ ವಾಚಕರೇ, ಒಂದೊಂದೇ ಅಕ್ಷರವಾಗಿ ಕೂಡಿಬಂದ ಆ ನುಡಿ ಇಂದಿಗೂ ಓದಲ್ಪಡುತ್ತಿದೆ. ಕೈಕಾಲು ಗಟ್ಟಿಯಿರುವ ನಾವು ನಮ್ಮ ಕಲಿಕೆಯನ್ನು ಯಾರ ಬಾಳಿಗೆ ಮುಟ್ಟಿಸಿದ್ದೇವೆ?