ತಿರುಪು ಅದೇ, ಸೂಜಿ ಮಾತ್ರ ಆಚೆ

ವೈಫೈ ರೂಟರಿನ ಆಂಟೆನಾ ಬಿಚ್ಚಿ ಬುಡ ನೋಡಿದರೆ, ನಟ್ಟಿನ ನಡುವೆ ಸಾಮಾನ್ಯವಾಗಿ ಸೂಜಿಯಿಲ್ಲ, ತೂತಿದೆ. ಸೂಜಿ ರೂಟರಿನ ಕಡೆಗಿದೆ. ಪ್ರಯೋಗಾಲಯದ ಉಪಕರಣಗಳಲ್ಲಿರುವ ಎಸ್‌ಎಂಎ ಕನೆಕ್ಟರಿನಲ್ಲಿ ಇದು ತಿರುವುಮುರುವು. ಯಾರೋ ಎಂಜಿನಿಯರ್ ತಲೆಕೆಡಿಸಿಕೊಂಡು ಮಾಡಿದ ಸುಧಾರಣೆ ಇರಬೇಕೆಂದು ತೋರುತ್ತದೆ. ಆದರೆ ಈ ಅದಲುಬದಲು ಹುಟ್ಟಿದ್ದು ಕಾನೂನಿನಿಂದ.

ಅದಕ್ಕೂ ಹಿಂದಿನ ಕನೆಕ್ಟರುಗಳ ಆಕಾರವನ್ನು ತರಂಗಗಳೇ ತೀರ್ಮಾನಿಸಿದ್ದವು ಎಂಬುದು ನಿಜ. 1930ರ ದಶಕದ ಯುಎಚ್‌ಎಫ್ ಕನೆಕ್ಟರ್ ಹೆಸರಿನಲ್ಲಷ್ಟೇ ಜಬರ್ದಸ್ತು, ಕೆಲವು ನೂರು ಮೆಗಾಹರ್ಟ್ಸ್ ದಾಟಿದರೆ ತತ್ತರಿಸುತ್ತಿತ್ತು. 1940ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಪಾಲ್ ನೀಲ್ ಹೆಸರಿನ ಎನ್ ಕನೆಕ್ಟರ್ ಬಂತು. ಬಿಎನ್‌ಸಿ ಕನೆಕ್ಟರಿನ ಹೆಸರಿನಲ್ಲಿ ಅವರ ಜೊತೆಗೆ ಆಂಫೆನಾಲ್‌ನ ಕಾರ್ಲ್ ಕಾನ್ಸೆಲ್ಮನ್ ಹೆಸರಿನ ಅಕ್ಷರವೂ ಸೇರಿದೆ. ಆವರ್ತನ ಏರಿದಂತೆ ತರಂಗ ಗಿಡ್ಡವಾಗುತ್ತದೆ. ಕನೆಕ್ಟರೂ ಸಣ್ಣದಾಗದಿದ್ದರೆ ಒಳಗೆ ಬೇಡದ ತರಂಗರೂಪಗಳು ಎದ್ದು ಸಂಕೇತವನ್ನು ಕೆಡಿಸುತ್ತವೆ. 1960ರ ದಶಕದಲ್ಲಿ ಬಳಕೆಗೆ ಬಂದ ಎಸ್‌ಎಂಎ 18 ಗಿಗಾಹರ್ಟ್ಸ್‌ವರೆಗೆ ಸಲ್ಲುವುದಕ್ಕೆ ಅದರ ಪುಟ್ಟ ಗಾತ್ರವೂ ಕಾರಣ.

ಸೂಜಿ ಜಾಗ ಬದಲಿಸಿದ್ದಕ್ಕೆ ಇಂಥ ಯಾವ ಕಾರಣವೂ ಸಿಗುವುದಿಲ್ಲ. ಕಾಲಿಂಚು ವ್ಯಾಸದ, ಇಂಚಿಗೆ 36 ಸುತ್ತಿನ ತಿರುಪೂ ಅದೇ, 50 ಓಮ್ ಕೂಡ ಅದೇ. ಬೇರೆಯಾಗಿದ್ದು 1989ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಕ ಎಫ್‌ಸಿಸಿ ತಂದ ನಿಯಮ: ಪರವಾನಗಿ ಬೇಡದ ಟ್ರಾನ್ಸ್‌ಮಿಟರಿಗೆ ತಯಾರಕ ಕೊಟ್ಟದ್ದಲ್ಲದೆ ಬೇರೆ ಆಂಟೆನಾ ಹಾಕುವಂತಿರಬಾರದು, ಮಾಮೂಲಿ ಕನೆಕ್ಟರ್ ಕೂಡದು. ತಯಾರಕರು ಸೂಜಿ ಅದಲುಬದಲು ಮಾಡಿ ಕೈತೊಳೆದುಕೊಂಡರು. ಎಲ್ಲರೂ ಒಂದೇ ಅದಲುಬದಲು ಮಾಡಿದ ಮೇಲೆ ಅದೂ ಮಾಮೂಲಿಯೇ ಆಯಿತು, ಎರಡು ಬಗೆಯನ್ನೂ ಜೋಡಿಸುವ ಅಡಾಪ್ಟರ್ ಎಲ್ಲ ಕಡೆ ಸಿಗತೊಡಗಿತು. ಹಾಗಾದರೆ ನಿಯಮ ದಂಡವೇ ಎಂದು ಕೇಳಬಹುದು. ಪೂರ್ತಿ ದಂಡವಲ್ಲ. ಅದು ಕಟ್ಟಿಹಾಕಿದ್ದು ತಯಾರಕನನ್ನು. ಹಟಕ್ಕೆ ಬಿದ್ದವನನ್ನು ತಡೆಯುವ ಬೀಗವಂತೂ ಅಲ್ಲ. ಕೈಗೆ ಸಿಕ್ಕ ದೊಡ್ಡ ಆಂಟೆನಾ ಸಿಕ್ಕಿಸುವವನು ಒಮ್ಮೆ ಎಡವಿದರೂ ನಿಯಮಕ್ಕೆ ಸಾಕಿತ್ತು.

ಎಡವುವುದು ಮಾತ್ರ ಅಂಥವನೊಬ್ಬನೇ ಅಲ್ಲ. ತೂತಿನೆದುರು ತೂತು ಬಂದರೂ ನಟ್ಟು ಸಲೀಸಾಗಿ ಬಿಗಿಯಾಗುತ್ತದೆ, ಸಂಕೇತವಷ್ಟೇ ದಾಟುವುದಿಲ್ಲ. ಸೂಜಿಗೆ ಸೂಜಿ ತಾಗಿದರೆ ಎರಡೂ ಹಾಳು. ಅಂಗಡಿಯ ಲೆಕ್ಕದಲ್ಲಿ ಹೊರತಿರುಪಿದ್ದರೆ ಫೀಮೇಲ್, ನಡುವೆ ಸೂಜಿಯಿದ್ದರೂ ಸರಿ. ಆದ್ದರಿಂದ ಅಡಾಪ್ಟರ್ ಆರಿಸುವಾಗ ಹೆಸರು ನಂಬದೆ ತಿರುಪು, ಸೂಜಿ ಎರಡನ್ನೂ ಕಣ್ಣಾರೆ ನೋಡಬೇಕು. ಬಿಚ್ಚುವಾಗಲೂ 8 ಮಿಮೀ ಸ್ಪ್ಯಾನರಿನಿಂದ ನಟ್ಟನ್ನಷ್ಟೇ ತಿರುಗಿಸಿ, ಹಿಂದಿನ ಒಡಲನ್ನು ಇನ್ನೊಂದರಿಂದ ಅಲುಗದಂತೆ ಹಿಡಿಯಬೇಕು. ಒಡಲು ತಿರುಗಿದರೆ ಸೂಜಿ ತೂತಿನೊಳಗೇ ಅರೆಯುತ್ತದೆ. ನಡುವೆ ಅಡಾಪ್ಟರ್ ಇದ್ದರೆ ಹಿಡಿಯಬೇಕಾದ ಒಡಲು ಇನ್ನೊಂದು ಹೆಚ್ಚಾಯಿತು. ಅದನ್ನು ಮರೆತರೆ ಆಂಟೆನಾ ಬಿಚ್ಚಲು ಹೋದವರ ಕೈಗೆ ಅಡಾಪ್ಟರೂ ಕಳಚಿ ಬರುತ್ತದೆ.