ಪಾಣಿಪತ್ ಕದನ ಮತ್ತು ಪರ್ಯಾಯ ಚರಿತ್ರೆಯ ಕಥನ

ನಡೆದುದನ್ನು ನಿರೂಪಿಸುವುದಷ್ಟೇ ಚರಿತ್ರಕಾರನ ಕರ್ತವ್ಯ, ನಡೆಯದೆ ಹೋದುದನ್ನು ಊಹಿಸುವುದು ಕಥೆಗಾರನ ಕೆಲಸ ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬೇರೂರಿದೆ. ಆದರೆ ಇಂತಹ ಊಹೆಗೂ ದೀರ್ಘವಾದ ಪರಂಪರೆಯಿದೆ. ಅಲೆಗ್ಸಾಂಡರನು ರೋಮಿನ ಮೇಲೆ ದಂಡೆತ್ತಿ ಬಂದಿದ್ದರೆ ಏನಾಗುತ್ತಿತ್ತೆಂಬುದನ್ನು ರೋಮನ್ ಇತಿಹಾಸಕಾರ ಲಿವಿಯು ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಚರ್ಚಿಸಿ, ಜಯ ರೋಮಿನದೇ ಎಂದು ತೀರ್ಮಾನಿಸಿದನು. ಫ್ರಾನ್ಸಿನ ಲೂಯಿ ಜಫ್ರುವಾ 1836ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ನೆಪೋಲಿಯನ್ ಇಡೀ ಜಗತ್ತನ್ನೇ ಗೆಲ್ಲುತ್ತಾನೆ. ಈ ಎರಡರಲ್ಲಿಯೂ ಸ್ವದೇಶಾಭಿಮಾನದ ಹಂಬಲವೇ ಪ್ರಬಲವಾಗಿದೆ. ಪರ್ಯಾಯ ಚರಿತ್ರೆಯ ಪ್ರಕಾರಕ್ಕೆ ಹುಟ್ಟಿನಿಂದಲೇ ಅಂಟಿಕೊಂಡ ದೌರ್ಬಲ್ಯವಿದು.

ಭಾರತದಲ್ಲಿ ಖಗೋಳವಿಜ್ಞಾನಿ ಜಯಂತ ನಾರ್ಳೀಕರರು (1938–2025) ಬರೆದ, ಇಂಗ್ಲಿಷಿನಲ್ಲಿ ‘ದಿ ಅಡ್ವೆಂಚರ್’ ಎಂದು ಹೆಸರಾದ ಕಥೆ ಈ ಪ್ರಕಾರದ ಗಮನಾರ್ಹ ನಿದರ್ಶನ. 1761ರ ಜನವರಿ 14ರಂದು ಪಾಣಿಪತ್ತಿನಲ್ಲಿ ಪೇಶ್ವೆಯ ಮಗ ವಿಶ್ವಾಸರಾವ್ ಗುಂಡೇಟಿನಿಂದ ಮಡಿದನು. ಕಥೆಯ ಲೋಕದಲ್ಲಿ ಆ ಗುಂಡು ಅವನ ಕಿವಿಯ ಪಕ್ಕದಲ್ಲಿಯೇ ಹಾದುಹೋಗುತ್ತದೆ, ಮರಾಠರು ಗೆಲ್ಲುತ್ತಾರೆ, ಈಸ್ಟ್ ಇಂಡಿಯಾ ಕಂಪನಿಯ ಪ್ರಭಾವ ಮುಂಬಯಿ, ಕಲ್ಕತ್ತ, ಮದರಾಸುಗಳ ಆಸುಪಾಸಿಗೆ ಸೀಮಿತವಾಗುತ್ತದೆ.

ಒಂದು ಗುಂಡಿನ ಮೇಲೆ ಇಷ್ಟು ಭಾರ ಹೊರಿಸಬಹುದೆ? ಕನ್ನಡನಾಡಿನ ಚರಿತ್ರೆಯ ಮೂಲಕ ಇದನ್ನು ಪರೀಕ್ಷಿಸಬಹುದು. 1760ರಲ್ಲಿ ಖಂಡೇರಾಯನು ಮರಾಠರ ನೆರವಿನಿಂದ ಹೈದರಾಲಿಯನ್ನು ಶ್ರೀರಂಗಪಟ್ಟಣದಿಂದ ಓಡಿಸಿದ್ದನು. ಮರುವರ್ಷ ಮರಾಠಾ ಸೈನ್ಯ ಹಿಂತೆಗೆಯಿತು. ಹೈದರನು ಅಧಿಕಾರವನ್ನು ಮರಳಿ ಪಡೆದನು. ಪಾಣಿಪತ್ತಿನ ಸೋಲು ಅವನಿಗೆ ಅವಕಾಶ ಒದಗಿಸಿತೆಂಬುದು ನಿಜ. ಆದರೆ 1749ರ ದೇವನಹಳ್ಳಿ ಮುತ್ತಿಗೆಯಿಂದಲೇ ಅವನ ಏಳಿಗೆ ಆರಂಭವಾಗಿತ್ತು. ಸೋತ ಮರಾಠರೂ ನಾಶವಾಗಲಿಲ್ಲ: ಮಾಧವರಾವ್ ಪೇಶ್ವೆ 1764ರಿಂದ ಪದೇ ಪದೇ ಮೈಸೂರಿನ ಮೇಲೆ ದಂಡೆತ್ತಿ ಬಂದನು, 1771ರಲ್ಲಿ ಮಹಾದಜಿ ಶಿಂಧೆ ದೆಹಲಿಯನ್ನು ವಶಪಡಿಸಿಕೊಂಡನು. ಕಂಪನಿಯಂತೂ 1757ರಲ್ಲಿಯೇ ಪ್ಲಾಸಿಯಲ್ಲಿ ಗೆದ್ದಿತ್ತು.

ಹೀಗೆ, ‘ಗುಂಡು ತಪ್ಪಿದ್ದರೆ’ ಎಂಬ ಪ್ರಶ್ನೆಯೇ ಆ ಗುಂಡಿನ ಮಹತ್ವವನ್ನು ಮಿತಗೊಳಿಸುತ್ತದೆ. ಕಾರಣ ಯಾವುದು, ನಿಮಿತ್ತ ಯಾವುದು ಎಂಬ ವಿವೇಚನೆಗೆ ದಾರಿ ಮಾಡಿಕೊಡುತ್ತದೆ. ಪರ್ಯಾಯ ಚರಿತ್ರೆಯಿಂದ ಚರಿತ್ರಕಾರನು ಪಡೆಯಬೇಕಾದುದು ಕಳೆದುಹೋದ ವೈಭವದ ಸಾಂತ್ವನವನ್ನಲ್ಲ, ಈ ವಿವೇಚನೆಯನ್ನು. ಸೋತವರ ಸೋಲು ವಿಧಿಲಿಖಿತವಾಗಿರಲಿಲ್ಲ. ಗೆದ್ದವರ ಗೆಲುವೂ ಅಷ್ಟೆ. ಈ ಅರಿವಿಲ್ಲದ ಚರಿತ್ರೆಯು ಗೆದ್ದವರ ಪ್ರಶಸ್ತಿಯಾಗಿ ಮಾತ್ರ ಉಳಿಯುತ್ತದೆ.